ಕೋಳಿ ಬಿಟ್ಟ ಹಿತ್ತಲಲ್ಲೇ ತರಕಾರಿ ಬೆಳೆದಿದ್ದು

ಮೊದಲ ವರ್ಷ ಮೆಣಸಿನ ಗಿಡ ಸುಟ್ಟುಹಾಕಿದ್ದು ನಾನೇ. ಒಡ್ಡಿ (ಕೋಳಿಗೂಡು) ಗುಡಿಸಿದ ಹಸಿ ಹಿಕ್ಕೆಯನ್ನು ಹಾಗೇ ತಂದು ಹದಿನೆಂಟು ಗಿಡದ ಬುಡಕ್ಕೆ ಸುರಿದಿದ್ದೆ. ನಾಲ್ಕೇ ದಿನಕ್ಕೆ ಎಲೆ ಅಂಚು ಕಂದಾಗಿ ಮುರುಟಿತು. ಅತ್ತೆ ಬಂದು ನೋಡಿ, "ಹಸೀದೇ ಹಾಕಿದ್ಯಾ? ಅದು ಬೆಂಕಿ ಮಾರಾಯ್ತಿ" ಅಂದರು. ಈಗ ಬೇಸಿಗೆಯಲ್ಲೇ ಹಿಕ್ಕೆ ಒಂದು ಪದರ, ದರಗು (ಒಣ ಎಲೆ) ಎರಡು ಪದರ ಹಾಕಿ, ಆಗಾಗ ನೀರು ಚಿಮುಕಿಸಿ, ಮೂರು ತಿಂಗಳು ಕೊಳೆಯಲು ಬಿಡುತ್ತೇನೆ. ವಾಸನೆ ಹೋಗಿ ಮಣ್ಣಿನ ಹಾಗೆ ಪುಡಿಯಾದ ಮೇಲೇ ಗಿಡಕ್ಕೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಊರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ, ನಮ್ಮಲ್ಲಿ ಅಷ್ಟಿಲ್ಲ, ಆದರೂ ಆರಿದ್ರೆ ಮಳೆ ಹಿಡಿದರೆ ಬಟ್ಟೆ ಒಣಗುವುದು ಒಲೆ ಮೇಲೇ. ಬೀಜದ ಪೊಟ್ಟಣದ ಮೇಲೆ ಬರೆದದ್ದನ್ನು ನಂಬಿ ಜೂನ್‌ನಲ್ಲಿ ಟೊಮೆಟೊ ನೆಟ್ಟಿದ್ದೆ. ಪುಷ್ಯ ಮಳೆ ಹೊತ್ತಿಗೆ ಒಂದು ಗಿಡ ಉಳಿಯಲಿಲ್ಲ. ಆಮೇಲಿಂದ ಲೆಕ್ಕ ಎಲ್ಲಾ ಮಳೆ ನಕ್ಷತ್ರದ್ದೇ. ಮೇ ಕೊನೆಗೆ, ರೋಹಿಣಿ ಹನಿ ಬೀಳುವಾಗ ಸೌತೆ, ಹೀರೆ, ಹಾಗಲ ಬೀಜ ಊರುತ್ತೇನೆ, ನೀರು ನಿಲ್ಲದ ಹಾಗೆ ಒಂದಡಿ ಎತ್ತರದ ಏರುಮಡಿಯಲ್ಲಿ. ಜೋರು ಮಳೆ ಶುರುವಾಗುವ ಮೊದಲು ಬಳ್ಳಿ ಚಪ್ಪರ ಹತ್ತಿರಬೇಕು. ಟೊಮೆಟೊ, ಬದನೆ, ಮೆಣಸಿನ ಸಸಿ ನೆಡುವುದು ಹಸ್ತೆ ಮಳೆ ಕಳೆದ ಮೇಲೆ.

ಕೋಳಿ ಎಲ್ಲಿರಬೇಕು ಅನ್ನುವುದೂ ಇದೇ ಲೆಕ್ಕದಲ್ಲಿ. ಬೇಸಿಗೆಯಲ್ಲಿ ಹಿತ್ತಲು ಪೂರ್ತಿ ಅವುಗಳದ್ದೇ, ಕೆದಕಿ ಕೆದಕಿ ಗೊಣ್ಣೆಹುಳ, ಕಳೆ ಬೀಜ ಎಲ್ಲಾ ಮುಗಿಸುತ್ತವೆ. ಬೀಜ ಹಾಕುವ ಹಿಂದಿನ ದಿನ ಬಲೆ ಕಟ್ಟಿ ಹೊರಗೆ. ಬಳ್ಳಿ ಚಪ್ಪರಕ್ಕೆ ಹತ್ತಿದ ಮೇಲೆ, ಬುಡಕ್ಕೆ ಸುತ್ತ ಕಲ್ಲು ಜೋಡಿಸಿ (ಇಲ್ಲದಿದ್ದರೆ ಬೇರು ಕೆದಕಿ ಹಾಕುತ್ತವೆ) ಮತ್ತೆ ಒಳಗೆ ಬಿಡುತ್ತೇನೆ. ಹರಿವೆ ಮಡಿಗೆ ಮಾತ್ರ ವರ್ಷಪೂರ್ತಿ ಬಲೆ. ಹರಿವೆ ಮತ್ತು ಕೋಳಿ ಒಟ್ಟಿಗೆ ಆಗಲ್ಲ, ಸುಮ್ನೆ ಪ್ರಯತ್ನ ಮಾಡಬೇಡಿ.

ಚಪ್ಪರದ ಕೆಳಗೆ ಕೋಳಿ ಬಿಡುವುದಕ್ಕೆ ಕಾರಣ ಹಾಗಲಕಾಯಿ. ಎಳೆ ಕಾಯಿಗೆ ಹಣ್ಣುನೊಣ ಚುಚ್ಚಿ ಮೊಟ್ಟೆ ಇಡುತ್ತದೆ, ಕಾಯಿ ಒಂದು ಕಡೆ ಸೊಟ್ಟಗಾಗಿ ಹಳದಿಯಾಗಿ ಬೀಳುತ್ತದೆ. ಅದನ್ನು ಮುರಿದು ನೋಡಿ, ಒಳಗಿನ ಬಿಳಿ ಹುಳ ಬಿಲ್ಲಿನ ಹಾಗೆ ಬಾಗಿ ಟಪ್ ಅಂತ ಹಾರುತ್ತದೆ. ಹಾಗೆ ಹಾರಿ ಮಣ್ಣಿಗೆ ಇಳಿದು, ಕೆಂಪಕ್ಕಿ ಕಾಳಿನ ಹಾಗೆ ಕೋಶ ಕಟ್ಟಿ, ಮತ್ತೆ ನೊಣವಾಗಿ ಮೇಲೆ ಬರುತ್ತದೆ. ಮಣ್ಣಿನಲ್ಲಿರುವಾಗಲೇ ಕೋಳಿ ಹೆಕ್ಕಿ ತಿಂದರೆ ಮುಗಿಯಿತು ಅಲ್ವಾ. ಮುಂಚೆ ಅರ್ಧ ಕಾಯಿ ಕೊಳೆಯುತ್ತಿತ್ತು, ಈಗ ಬುಟ್ಟಿಗೆ ನಾಲ್ಕೈದು. ಮಳೆ ಜಾಸ್ತಿಯಾಗಿ ಕೋಳಿ ಹೊರಗೆ ಬರದ ವಾರಗಳಲ್ಲಿ ಬಿದ್ದ ಕಾಯಿ ನಾನೇ ಆರಿಸಿ ಒಡ್ಡಿಗೆ ಎಸೆಯುತ್ತೇನೆ.

ಒಡ್ಡಿಯ ನೆಲ ಅಡಿಕೆ ದಬ್ಬೆಯದ್ದು, ಎರಡಡಿ ಎತ್ತರಕ್ಕೆ. ಹಿಕ್ಕೆ ಸಂದಿಯಿಂದ ಕೆಳಗೆ ಬೀಳುತ್ತದೆ, ಅದರ ಮೇಲೆ ಒಲೆ ಬೂದಿ ಮತ್ತು ಭತ್ತದ ಹೊಟ್ಟು ಚೆಲ್ಲಿದರೆ ಒದ್ದೆ ಎಳೆಯುತ್ತದೆ. ಮಳೆಗಾಲದಲ್ಲಿ ಮರಿ ಮಾಡಿಸುವುದು ಬಿಟ್ಟೇ ಬಿಟ್ಟೆ. ಮೊದಲ ವಾರ ಮರಿಗೆ 33 ಡಿಗ್ರಿ ಹತ್ತಿರ ಶಾಖ ಬೇಕು, ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ. ಆಷಾಢದಲ್ಲಿ ಕಾವಿಗೆ ಕೂತ ಹೇಂಟೆಯನ್ನು ಎಬ್ಬಿಸಿ ಬೇರೆ ಕಡೆ ಕೂಡುತ್ತೇನೆ, ಕಾವಿಗೆ ಮೊಟ್ಟೆ ಇಡುವುದು ದೀಪಾವಳಿ ಆದ ಮೇಲೆ. ಅಲ್ಲಿಂದ 21 ದಿನಕ್ಕೆ ಮರಿ.

ಅಕ್ಕಪಕ್ಕದ ನಾಲ್ಕು ಮನೆಯವರು ಈಗ ಒಂದೇ ವಾರ ಕಾವು ಕೂರಿಸುತ್ತೇವೆ. ಒಂದು ಮಾರ್ಚ್‌ನಲ್ಲಿ ಕೊಕ್ಕರೆ ರೋಗ (ರಾಣಿಖೇತ್) ಬಂದು 14 ಕೋಳಿಯಲ್ಲಿ 11 ಹೋಗಿದ್ದವು. ಹಸಿರು ಹಿಕ್ಕೆ, ತಿರುಚಿದ ಕುತ್ತಿಗೆ, ಐದು ದಿನದಲ್ಲಿ ಒಡ್ಡಿ ಖಾಲಿ. ಲಸಿಕೆ ಬಾಟಲಿ ನಮಗೆ ಸಿಗುವುದು ನೂರು ಕೋಳಿಗೆ ಆಗುವಷ್ಟು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಮರಿಗೋಸ್ಕರ ಒಡೆಯಲು ಯಾರಿಗೆ ಮನಸ್ಸು ಬರುತ್ತದೆ? ಒಟ್ಟಿಗೆ ಮರಿ ಬಂದರೆ ಒಂದೇ ಬಾಟಲಿ ಸಾಕು. ಐಸ್ ಹಾಕಿದ ಫ್ಲಾಸ್ಕಿನಲ್ಲಿ ತರುತ್ತೇವೆ. ಮೊದಲ ವಾರ ಲಸೋಟ ಅನ್ನುವ ಲಸಿಕೆ ಕಣ್ಣಿಗೆ ಒಂದು ಹನಿ, ಎರಡು ತಿಂಗಳಿಗೆ ಇದೇ ರೋಗದ ಇನ್ನೊಂದು ಲಸಿಕೆ, ರೆಕ್ಕೆ ಕೆಳಗೆ ಇಂಜೆಕ್ಷನ್.

ಜಾತಿ ಕೇಳುವವರಿಗೆ: ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಮಾಡಿದ ಗಿರಿರಾಜ ಮೂರು ಇವೆ, ಉಳಿದದ್ದು ನಾಟಿ. ಗಿರಿರಾಜ ಭಾರಿ ಮೈ, ಬೇಲಿ ಹಾರಲ್ಲ, ತರಕಾರಿಯವರಿಗೆ ಅನುಕೂಲ. ಆದರೆ ಕಾವಿಗೆ ಕೂರಲ್ಲ. ಅದರ ಮೊಟ್ಟೆಯನ್ನೂ ನಾಟಿ ಹೇಂಟೆ ಕೆಳಗೇ ಇಡಬೇಕು, ಅದು ತನ್ನದೇ ಅಂತ ಸಾಕುತ್ತದೆ.

ಮಂಗನಿಗೆ ಮಾತ್ರ ಇದ್ಯಾವುದೂ ನಡೆಯಲಿಲ್ಲ. ಹೋದ ವರ್ಷ ಹೀರೆ ಚಪ್ಪರ ಒಂದೇ ಬೆಳಗ್ಗೆ ನೆಲಕ್ಕೆ ಬಂತು. ಹುಂಜ ಒಡ್ಡಿ ಕೆಳಗೆ ಅಡಗಿ ಕೂತಿತ್ತು.