ಚಾವಡಿಯಲ್ಲಿ ಯಾರೂ ಕೂರುತ್ತಿರಲಿಲ್ಲ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ನನಗೆ ಬರುವ ಇಂಟೀರಿಯರ್ ಕೆಲಸ ಹೆಚ್ಚಿನದೂ ಒಂದೇ ಥರ. ಅಜ್ಜನ ಕಾಲದ ಹಂಚಿನ ಮನೆ. ಮಗ ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಒಮ್ಮೆ ರಿಪೇರಿಯೂ ಆಗಿರುತ್ತದೆ. ಚಾವಡಿಗೆ, ಅಂದರೆ ಮುಂದಿನ ಹಜಾರಕ್ಕೆ, ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಜಿಪ್ಸಮ್ ಸೀಲಿಂಗ್, ಅದರ ತುಂಬ ಬಿಳಿ ಎಲ್‌ಇಡಿ. ಈಗ ‘ಏನೋ ಸರಿ ಕಾಣುವುದಿಲ್ಲ, ಸ್ವಲ್ಪ ಚಂದ ಮಾಡಿ ಕೊಡಿ’ ಅಂತ ಫೋನು.

ಇಂಥ ಮನೆಗೆ ಹೋದರೆ ಟೇಪು ಬಿಚ್ಚುವ ಮೊದಲು ನಾನು ಒಂದು ಮಾತು ಕೇಳುತ್ತೇನೆ: ಸಂಜೆ ಎಲ್ಲರೂ ಎಲ್ಲಿ ಕೂರುತ್ತೀರಿ? ಪೆರ್ಲದ ಹತ್ತಿರದ ಒಂದು ಮನೆಯಲ್ಲಿ ಅಜ್ಜಿ ನಕ್ಕರು. “ಚಾವಡಿ ನೆಂಟರಿಗೆ ಮಾರಾಯ. ನಾವು ಹಿಂದಿನ ಜಗಲಿಯಲ್ಲಿ.”

ಆ ಜಗಲಿಯಲ್ಲಿ ಒಂದು ಸಂಜೆ ನಾನೂ ಕೂತೆ. ಅಡಿಕೆ ಸುಲಿಯುವ ಜಾಗ ಅದು. ಬೆನ್ನಿಗೆ ಗೋಡೆ, ತಲೆಯ ಮೇಲೆ ತಗ್ಗಿ ಬಂದ ಮಾಡು, ಎದುರಿಗೆ ತೋಟ. ಒಂದು ಹಳದಿ ಬಲ್ಬು. ಬ್ರಿಟಿಷ್ ಭೂಗೋಳ ಪ್ರಾಧ್ಯಾಪಕ ಜೇ ಆ್ಯಪಲ್ಟನ್ 1975ರಲ್ಲಿ ಒಂದು ವಿಚಾರ ಮುಂದಿಟ್ಟರು: ನಮಗೆ ಹೊರಗಿನದೆಲ್ಲ ಕಾಣಬೇಕು, ಆದರೆ ನಾವು ಮರೆಯಲ್ಲಿರಬೇಕು, ಅಂಥ ಜಾಗ ಮನುಷ್ಯನಿಗೆ ಹಿತ. ಹಿಂದಿನ ಜಗಲಿಯಲ್ಲಿ ಇದ್ದದ್ದು ಅದೇ. ಚಾವಡಿಯಲ್ಲಿ ಸೋಫಾ ನಡುಮಧ್ಯೆ, ಬಾಗಿಲಿಗೆ ಬೆನ್ನು ಹಾಕಿ, ಟಿವಿ ಕಡೆ ತಿರುಗಿ ಕೂತಿತ್ತು. ಯಾರು ಹೋಗಿ ಕೂರುತ್ತಾರೆ?

ಹಾಗಾಗಿ ಹೊಸ ಸಾಮಾನಿನ ಪಟ್ಟಿ ಮಾಡಲಿಲ್ಲ. ಸೋಫಾ ಹೊರಗೆ ಹೋಯಿತು. ಕಿಟಕಿ ಕೆಳಗೆ ಗೋಡೆಗೆ ತಾಗಿಸಿ ಕೆಂಪುಕಲ್ಲಿನ ಉದ್ದದ ಚಿಟ್ಟೆ, ಅಂದರೆ ಕೂರುವ ಕಟ್ಟೆ, ಕಟ್ಟಿಸಿದೆ. ಎತ್ತರ 16 ಇಂಚು, ಮೇಲೆ ಹಲಸಿನ ಹಲಗೆ. ಅಲ್ಲಿ ಕೂತರೆ ಬೆನ್ನಿಗೆ ಗೋಡೆ ಇದೆ, ಅಂಗಳದ ಬಾಗಿಲೂ ಒಳಬಾಗಿಲೂ ಕಣ್ಣಿಗೆ ಬೀಳುತ್ತವೆ.

ಆಮೇಲೆ ಜಿಪ್ಸಮ್ ಕಿತ್ತದ್ದು. ಮನೆಯವರಿಗೆ ಹೊಟ್ಟೆ ಉರಿದದ್ದು ನಿಜ, ದುಡ್ಡು ಕೊಟ್ಟು ಹಾಕಿಸಿದ್ದಲ್ವಾ. ಆದರೆ ನಮ್ಮ ಹಳೆ ಮನೆಗಳಲ್ಲಿ ಒಂದು ಉಪಾಯ ಇದೆ. ಜಗಲಿಯಲ್ಲಿ ಮಾಡು ತಲೆಗೆ ತಾಗುವಷ್ಟು ತಗ್ಗು, ಒಳಗೆ ಕಾಲಿಟ್ಟರೆ ತಟ್ಟನೆ ಎತ್ತರ. ಆ ಎತ್ತರ ಸಿಕ್ಕಾಗ ಎದೆ ಹಗುರಾಗುತ್ತದೆ. ಅಡ್ಡ ಸೀಲಿಂಗ್ ಹಾಕಿದರೆ ಅದು ಸತ್ತುಹೋಗುತ್ತದೆ. ಮಂಗಳೂರಿನಲ್ಲಿ ಕ್ರೈಸ್ತ ಮಿಷನರಿಗಳ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಂದಿನಿಂದ ಈ ಕಡೆಯ ಮಾಡಿನ ಆಕಾರವನ್ನು ಆ ಹಂಚೇ ತೀರ್ಮಾನಿಸಿದೆ. ಅದನ್ನು ಮುಚ್ಚುವುದು ಯಾಕೆ? ಮಾಡು ಹೊರುವ ಮರದ ಪಕ್ಕಾಸು, ರೀಪು ಉಜ್ಜಿ ಎಣ್ಣೆ ಕೊಟ್ಟೆವು. ಧೂಳು, ಸೆಕೆ ಕಮ್ಮಿಯಾಗಲಿ ಅಂತ ಮಾಡಿನ ಹಂಚಿನ ಕೆಳಗೆ ಸೀಲಿಂಗ್ ಹಂಚು. ಉತ್ತರದ ಇಳಿಜಾರಿನಲ್ಲಿ ಮಾತ್ರ ಗಾಜಿನ ಹಂಚು ಕೂರಿಸಿ, ಅದರ ಕೆಳಗೆ ಖಾಲಿ ಬಿಟ್ಟೆವು. ದಕ್ಷಿಣಕ್ಕೆ ಹಾಕಿದರೆ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಚುಚ್ಚುತ್ತದೆ.

ಬೆಳಕಿಗೆ ಖರ್ಚು ಬಹಳ ಕಮ್ಮಿ, ಫಲ ಎಲ್ಲದಕ್ಕಿಂತ ಜಾಸ್ತಿ. ಮೊದಲಿದ್ದದ್ದು 6500 ಕೆಲ್ವಿನ್‌ನ ಬಿಳಿ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಕಮ್ಮಿಯಾದಷ್ಟೂ ಹಳದಿ. ಆ ಬಿಳಿ ಬೆಳಕಲ್ಲಿ ಅಂಗಡಿ ನಡೆಸಬಹುದು, ಪಟ್ಟಾಂಗ ಹೊಡೆಯಲಿಕ್ಕೆ ಆಗುವುದಿಲ್ಲ. 2700 ಕೆಲ್ವಿನ್‌ನ ಬಲ್ಬುಗಳನ್ನು ತಂದು, ಕೂತವರ ಮುಖದ ಮಟ್ಟಕ್ಕೆ ಅಲ್ಲಲ್ಲಿ ಹಾಕಿದೆ. ಮೂಲೆಗಳು ಸ್ವಲ್ಪ ಕತ್ತಲಾಗಿರಲಿ ಅಂತ ಬೇಕೆಂದೇ ಬಿಟ್ಟೆ. ಬಲ್ಬು ಕೊಳ್ಳುವಾಗ ಪೊಟ್ಟಣದ ಮೇಲೆ ಸಿಆರ್‌ಐ 90 ಅಂತ ಇದೆಯಾ ನೋಡಿ. ಬೆಳಕಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಳತೆ ಅದು, ಕಮ್ಮಿಯಿದ್ದರೆ ಹಲಸಿನ ಮರದ ಬಣ್ಣವೂ ಮುಖದ ಬಣ್ಣವೂ ಬಾಡಿದ ಹಾಗೆ ಕಾಣುತ್ತದೆ.

ಗೋಡೆಗಳ ಸಾರಣೆಯನ್ನೆಲ್ಲ ಕೆತ್ತಿ ಕೆಂಪುಕಲ್ಲು ತೋರಿಸುವುದು ಈಗಿನ ಫ್ಯಾಷನ್. ನಾನು ಒಂದೇ ಒಂದು ಒಳಗೋಡೆಯನ್ನು ಹಾಗೆ ಬಿಡಿಸಿದೆ. ಕೆಂಪುಕಲ್ಲು ಬೆಳಕು ನುಂಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಹಗಲೇ ಕತ್ತಲು ನಮ್ಮಲ್ಲಿ. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಸುರಿಯುವ ಊರು ಇದು, ಮಳೆ ಬಡಿಯುವ ಹೊರಗೋಡೆ ಕೆತ್ತಿದರೆ ತೂತು ತೂತು ಕಲ್ಲು ನೀರು ಕುಡಿಯುತ್ತದೆ. ಉಳಿದ ಗೋಡೆಗಳಿಗೆ ಚೂರು ಹಳದಿ ಬೆರೆತ ಬಿಳಿ. ಬಣ್ಣವನ್ನು ಅಂಗಡಿಯ ಕಾರ್ಡ್ ನೋಡಿ ಆರಿಸಬೇಡಿ. ಗೋಡೆಗೇ ಎರಡಡಿ ಬಳಿದು ಬೆಳಿಗ್ಗೆ, ಮೋಡ ಕವಿದಾಗ, ದೀಪ ಹಾಕಿದ ಮೇಲೆ ನೋಡಿ.

ಟೈಲ್ಸ್ ಕೀಳಲಿಲ್ಲ, ಅಷ್ಟು ದುಡ್ಡಿರಲಿಲ್ಲ. ಚಿಟ್ಟೆಯ ಎದುರು ದೊಡ್ಡ ಚಾಪೆ ಹಾಸಿದೆವು. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಕಾಸರಗೋಡು ಸೀರೆಗಳಿದ್ದವು, ಕೈಮಗ್ಗದ ದಪ್ಪ ಹತ್ತಿಯವು. ಅವೇ ಪರದೆ, ದಿಂಬಿನ ಕವರ್ ಆದವು. ಬಟ್ಟೆ, ಚಾಪೆ ಬಂದ ಮೇಲೆ ಮಾತು ಗುಂಯ್ ಅನ್ನುವುದು ನಿಂತಿತು. ಪರದೆ ಮುಟ್ಟಿ, ಯಾವ ಸೀರೆ ಯಾರ ಮದುವೆಗೆ ತಂದದ್ದು ಅಂತ ಅಜ್ಜಿ ಬಂದವರಿಗೆಲ್ಲ ಹೇಳುತ್ತಾರೆ. ಇಂಥದ್ದು ಯಾವ ಶೋರೂಮಿನಲ್ಲೂ ಸಿಗುವುದಿಲ್ಲ.

ಅಡಿಕೆ ಸುಲಿಯುವುದು ಈಗಲೂ ಹಿಂದಿನ ಜಗಲಿಯಲ್ಲೇ, ಅದು ಹಾಗೇ ಇರಬೇಕು. ಮಳೆಗಾಲದ ಸಂಜೆ ಮಾತ್ರ ಎಲ್ಲರೂ ಚಾವಡಿಗೆ ಬರುತ್ತಾರೆ. ಟಿವಿಯನ್ನು ಒಳಕೋಣೆಗೆ ಸಾಗಿಸಿದ್ದಕ್ಕೆ ಮಗನಿಗೆ ಇನ್ನೂ ಸಮಾಧಾನ ಇಲ್ಲ. “ಅಲ್ಲ ಅಣ್ಣ, ಕ್ರಿಕೆಟ್ ಇದ್ದಾಗ ಏನು ಮಾಡುವುದು?” ಅಂತ ಊರಿಗೆ ಬಂದಾಗಲೆಲ್ಲ ಕೇಳುತ್ತಾನೆ. ಒಳಕೋಣೆಯಲ್ಲೂ ಒಂದು ಚಿಟ್ಟೆ ಕಟ್ಟೋಣ ಅಂದಿದ್ದೇನೆ.