ಟೋಕಿಯೊ–ಲಾಸ್ ಏಂಜಲೀಸ್: ಹಾರಾಟದ ದೂರ, ವೇಳೆ ಲೆಕ್ಕ ಹಾಕುವುದು ಹೇಗೆ?

ಚಳಿಗಾಲದಲ್ಲಿ ಸೋಮವಾರ ಸಂಜೆ 5ಕ್ಕೆ ಟೋಕಿಯೊ ಬಿಟ್ಟ ವಿಮಾನ ಅದೇ ಸೋಮವಾರ ಬೆಳಿಗ್ಗೆ 10ರ ಸುಮಾರಿಗೆ ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತದೆ. ಟಿಕೆಟ್‌ನಲ್ಲಿ ಇದನ್ನು ಕಂಡು ಅಚ್ಚಿನ ತಪ್ಪು ಎಂದುಕೊಂಡವರನ್ನು ನೋಡಿದ್ದೇನೆ. ‘ಮಂಗಳವಾರವೇ ಇರಬೇಕು’ ಎಂದು ತಾವೇ ತಿದ್ದಿಕೊಂಡು, ಹೋಟೆಲ್ ಕೋಣೆಯನ್ನು ಒಂದು ದಿನ ತಡವಾಗಿ ಕಾದಿರಿಸಿದವರೂ ಇದ್ದಾರೆ.

ಮೊದಲು ದೂರ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಡಲೇಬೇಡಿ. ಎರಡೂ ನಗರಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಹಾಗಾಗಿ ಚಪ್ಪಟೆ ನಕ್ಷೆಯಲ್ಲಿ ಗೆರೆ ಸೀದಾ ಪೂರ್ವಕ್ಕೆ ಹೋಗುತ್ತದೆ. ಗ್ಲೋಬ್ ಮೇಲೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ: ದಾರ ತಾನಾಗಿಯೇ ಉತ್ತರಕ್ಕೆ ಜರುಗಿ ನಿಲ್ಲುತ್ತದೆ. ಅದೇ ಹತ್ತಿರದ ದಾರಿ. 30 ಸೆಂ.ಮೀ. ವ್ಯಾಸದ ಗ್ಲೋಬ್‌ನಲ್ಲಿ 1 ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ. ದಾರ 21 ಸೆಂ.ಮೀ.ಗೆ ತುಸು ಕಡಿಮೆ ಬರುತ್ತದೆ, ಅಂದರೆ ಸುಮಾರು 8,800 ಕಿ.ಮೀ.

ಆಮೇಲೆ ಅವಧಿ. ದೂರವನ್ನು ಗಂಟೆಗೆ 900 ಕಿ.ಮೀ.ಯಿಂದ ಭಾಗಿಸಿ, ಏರಿಳಿತಕ್ಕೆಂದು ಅರ್ಧ ಗಂಟೆ ಸೇರಿಸಿ. ಇದು ಅಂದಾಜಷ್ಟೇ, ಏಕೆಂದರೆ ಗಾಳಿಯ ಲೆಕ್ಕ ಇನ್ನೂ ಬಾಕಿಯಿದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಹೋಗುವಾಗ ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಅದಕ್ಕೇ ಹೋಗಲು ಸುಮಾರು 10 ಗಂಟೆ, ಮರಳಲು ಸುಮಾರು 12. ಎರಡೂ ದಿಕ್ಕಿಗೆ ಒಂದೇ ಅವಧಿ ತೋರಿಸುವ ಆ್ಯಪ್‌ಗಳಿವೆ. ಅವುಗಳನ್ನು ಮೊಬೈಲ್‌ನಿಂದ ತೆಗೆದುಹಾಕಿ, ವಿಮಾನಯಾನ ಸಂಸ್ಥೆಯ ವೇಳಾಪಟ್ಟಿ ನೋಡಿ.

ಈಗ ಎಲ್ಲರೂ ಎಡವುವ ಜಾಗ. ಚಳಿಗಾಲದಲ್ಲಿ ಈ ನಗರಗಳ ನಡುವೆ 17 ಗಂಟೆ ವ್ಯತ್ಯಾಸ. ಅದನ್ನು ಮನಸ್ಸಿನಲ್ಲೇ ಕೂಡಿಸಿ ಕಳೆಯುವುದು ಸುಲಭದ ದಾರಿಯಂತೆ ಕಾಣುತ್ತದೆ, ಆದರೆ ಕೂಡಬೇಕೋ ಕಳೆಯಬೇಕೋ ಎಂಬಲ್ಲೇ ಕೈ ತಪ್ಪುತ್ತದೆ. ಯುಟಿಸಿ, ಅಂದರೆ ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯದ ಮೂಲಕವೇ ಹೋಗಿ, ಕಾಗದದ ಮೇಲೆ ವಾರದ ಹೆಸರನ್ನೂ ಬರೆಯಿರಿ. ಟೋಕಿಯೊ ಯುಟಿಸಿಗಿಂತ 9 ಗಂಟೆ ಮುಂದಿದೆ, ಲಾಸ್ ಏಂಜಲೀಸ್ 8 ಗಂಟೆ ಹಿಂದಿದೆ.

ಹೋಗುವಾಗ: ಟೋಕಿಯೊ ಸೋಮವಾರ 17:00. 9 ಕಳೆದರೆ ಯುಟಿಸಿ ಸೋಮವಾರ 08:00. ಹಾರಾಟದ 10 ಕೂಡಿದರೆ 18:00. ಅದರಲ್ಲಿ 8 ಕಳೆದರೆ ಲಾಸ್ ಏಂಜಲೀಸ್‌ನಲ್ಲಿ ಸೋಮವಾರ 10:00.

ಬರುವಾಗ: ಲಾಸ್ ಏಂಜಲೀಸ್ ಸೋಮವಾರ 11:00. 8 ಕೂಡಿದರೆ ಯುಟಿಸಿ 19:00. 12 ಕೂಡಿದಾಗ ನಡುರಾತ್ರಿ ದಾಟಿ ಮಂಗಳವಾರ 07:00 ಆಗುತ್ತದೆ. ವಾರ ಬದಲಿಸಲು ಮರೆಯುವುದು ಇಲ್ಲಿಯೇ. 9 ಕೂಡಿದರೆ ಟೋಕಿಯೊದಲ್ಲಿ ಮಂಗಳವಾರ 16:00. ಟಿಕೆಟ್ ನೋಡಿದರೆ 29 ಗಂಟೆಯ ಪ್ರಯಾಣ ಅನ್ನಿಸುತ್ತದೆ, ವಿಮಾನದಲ್ಲಿ ಕೂರುವುದು 12 ಗಂಟೆ ಮಾತ್ರ.

ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಲಾಸ್ ಏಂಜಲೀಸ್ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಜಪಾನಿನಲ್ಲಿ ಆ ಪದ್ಧತಿಯಿಲ್ಲ. ಆ ತಿಂಗಳುಗಳಲ್ಲಿ 8ರ ಬದಲು 7 ಹಿಡಿಯಿರಿ.

ಕರೆದೊಯ್ಯಲು ಬರುವವರಿಗೆ ನೀವು ಇಳಿಯುವ ಊರಿನ ವಾರ, ದಿನಾಂಕ, ಗಂಟೆಯನ್ನಷ್ಟೇ ಕಳುಹಿಸಿ. ಹೊರಡುವ ಸಮಯ ಅವರಿಗೆ ಬೇಕಿಲ್ಲ.