ಬಟರ್‌ಫ್ರೂಟಿಗೆ ಒಗ್ಗರಣೆ: ಕಹಿಯಾಗದಂತೆ ನಾನು ಮಾಡುವ ರೀತಿ

ನಮ್ಮ ಕೊಡಗಿನಲ್ಲಿ ಬಟರ್‌ಫ್ರೂಟ್ ಅಂದರೆ ಜ್ಯೂಸ್. ಹಾಲು, ಸಕ್ಕರೆ, ಮಿಕ್ಸಿ, ಮುಗೀತು. ಉಪ್ಪು ಖಾರ ಹಾಕಿ ಅಕ್ಕಿ ರೊಟ್ಟಿಗೆ ಬಡಿಸ್ತೀನಿ ಅಂದಾಗ ಹೋಮ್‌ಸ್ಟೇ ನಡೆಸುವ ಗೆಳತಿಯರು ಯಾರೂ ಒಪ್ಪಲಿಲ್ಲ. "ಬಿಸಿ ತಾಗಿದ್ರೆ ಕಹಿ ಬರುತ್ತೆ, ಸುಮ್ನೆ ಹಣ್ಣು ಹಾಳು ಮಾಡ್ಬೇಡ" ಅಂದರು ಅತ್ತೆ. ಈಗ ನಮ್ಮಲ್ಲಿ ಬರುವವರು ಮೊದಲು ಕೇಳುವುದೇ ಈ ಗೊಜ್ಜನ್ನು.

ಕಹಿ ಬರುವುದು ನಿಜ. ಪಲ್ಯದ ಹಾಗೆ ಬಾಣಲೆಯಲ್ಲಿ ಬಾಡಿಸಿ ನೋಡಿದೆ, ಕಹಿ. ಸಾರಿನಲ್ಲಿ ಕುದಿಸಿದೆ, ಇನ್ನೂ ಕಹಿ. ಹಲ್ವಾ ಅಂತೂ ದುಬಾರಿ ಪಾಠ. ತುಪ್ಪ, ಗೋಡಂಬಿ, ಸಕ್ಕರೆ ಎಲ್ಲ ಸೇರಿ ಹೆಚ್ಚುಕಡಿಮೆ ಸಾವಿರ ರೂಪಾಯಿ ಗೊಬ್ಬರದ ಗುಂಡಿಗೆ ಹೋಯಿತು. ಹಣ್ಣು ಒಲೆ ಮೇಲೆ ಹೊತ್ತು ಕಳೆಯಲೇಬಾರದು. ಒಲೆಗೆ ಹೋಗಬೇಕಾದ್ದು ಒಗ್ಗರಣೆ ಮಾತ್ರ.

ಹಣ್ಣನ್ನು ಕೈಯಲ್ಲೇ ಕಿವುಚಿ. ಮಿಕ್ಸಿಗೆ ಹಾಕಿದರೆ ಅಂಟಂಟಾಗುತ್ತೆ. ಕಿವುಚಿದ ತಕ್ಷಣ ನಿಂಬೆರಸ, ಉಪ್ಪು, ಜಜ್ಜಿದ ಸೂಜಿಮೆಣಸು, ಸಣ್ಣಗೆ ಹೆಚ್ಚಿದ ಈರುಳ್ಳಿ. ನಮ್ಮ ತೋಟದ ಹಣ್ಣಿನಲ್ಲಿ ನೀರು ಜಾಸ್ತಿ, ಹೊರಗಿನಿಂದ ಬರುವ ಹ್ಯಾಸ್ ತಳಿಯಷ್ಟು ಜಿಡ್ಡಿಲ್ಲ. ಅದಕ್ಕೇ ಒಂದೆರಡು ಚಮಚ ಹುರಿಗಡಲೆ ಪುಡಿ ಸೇರಿಸಿ, ಗೊಜ್ಜು ರೊಟ್ಟಿ ಮೇಲೆ ನಿಲ್ಲುತ್ತೆ. ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಇಳಿಸಿ, ಬೆರಳು ಅದ್ದುವಷ್ಟು ಆರಿದ ಮೇಲೆ ಸುರಿಯಿರಿ. ಒಗ್ಗರಣೆಗೆ ನಾನು ಇನ್ನೊಂದು ವಸ್ತು ಹಾಕ್ತೀನಿ. ಅದನ್ನು ಮಾತ್ರ ಹೇಳಲ್ಲ.

ನಿಂಬೆ ಬದಲು ಕಾಚಂಪುಳಿಯನ್ನೂ (ನಮ್ಮ ಕೊಡಗಿನ ಕಪ್ಪು ಹುಳಿರಸ) ಹಾಕಿದ್ದೆ. ಬಣ್ಣ ಕೆಸರಿನಂತಾಯಿತು, ಆದರೆ ಹಂದಿ ಕರಿ ಜೊತೆ ಆ ರುಚಿಗೆ ಸಾಟಿಯಿಲ್ಲ. ಮನೆಮಂದಿಗೆ ಅದನ್ನೇ ಮಾಡ್ತೀನಿ. ಮೊಸರು, ಜೀರಿಗೆ, ಹಸಿಮೆಣಸು ಹಾಕಿ ತಂಬುಳಿ ಮಾಡಿದರೆ ನೀರು ಹಣ್ಣೇ ಒಳ್ಳೇದು. ಬೋಂಡಾಕ್ಕೆ ಅರೆಗಾಯಿ ಬೇಕು. ಕಡಲೆಹಿಟ್ಟಿನಲ್ಲಿ ಅದ್ದಿ, ಎಣ್ಣೆ ಚೆನ್ನಾಗಿ ಕಾದಿರುವಾಗ ಬಿಟ್ಟು, ಮೇಲೆ ಕೆಂಪಾದ ಕೂಡಲೇ ತೆಗೀಬೇಕು. ಹಿಟ್ಟಿನ ಹೊದಿಕೆ ಇರುವುದರಿಂದ ಒಳಗಿನ ಹೋಳು ಬರೀ ಬೆಚ್ಚಗಾಗುತ್ತೆ, ಕಹಿಯಾಗಲ್ಲ. ಬಾಣಲೆಯಿಂದ ನೇರ ತಟ್ಟೆಗೆ ಹೋಗಬೇಕು, ಇಟ್ಟರೆ ಮೆತ್ತಗಾಗುತ್ತೆ.

ಕೀಳುವ ವಿಷಯ ನಿಮಗೆ ಗೊತ್ತೇ ಇದೆ, ಮರದಲ್ಲಿ ಇದು ಹಣ್ಣಾಗಲ್ಲ. ಬಲಿತ ಕಾಯಿ ಕಿತ್ತು ಬಾಳೆಹಣ್ಣಿನ ಜೊತೆ ಅಕ್ಕಿ ಡಬ್ಬದಲ್ಲಿ ಹುಗಿದರೆ ನಾಲ್ಕೈದು ದಿನ ಸಾಕು. ಎಲ್ಲ ಒಟ್ಟಿಗೆ ಹುಗಿಯಬೇಡಿ, ದಿನ ಬಿಟ್ಟು ದಿನ ಹಾಕಿದರೆ ಅತಿಥಿಗಳ ಲೆಕ್ಕಕ್ಕೆ ಸರಿಹೊಂದುತ್ತೆ.

ದುಡ್ಡಿನ ಮಾತು. ಮಳೆಗಾಲದಲ್ಲಿ ವ್ಯಾಪಾರಿ ತೋಟಕ್ಕೇ ಬಂದು ಕಿಲೋಗೆ ಐವತ್ತರ ಆಸುಪಾಸು ಕೊಡ್ತಿದ್ದರು. ಮಾರಿದ್ದಕ್ಕಿಂತ ಕಾಫಿ ಗಿಡದ ಕೆಳಗೆ ಬಿದ್ದು ಕೊಳೆಯುತ್ತಿದ್ದದ್ದೇ ಜಾಸ್ತಿ. ಈಗ ಒಂದು ದೊಡ್ಡ ಹಣ್ಣಿನಲ್ಲಿ ನಾಲ್ಕು ಪ್ಲೇಟ್ ಆಗುತ್ತೆ. ಎರಡು ರೊಟ್ಟಿ, ಗೊಜ್ಜು ಸೇರಿ ಪ್ಲೇಟಿಗೆ ನೂರಿಪ್ಪತ್ತು ತಗೋತೀನಿ, ಯಾರೂ ಚೌಕಾಶಿ ಮಾಡಿಲ್ಲ. ಮಿಕ್ಕ ತಿರುಳಿಗೆ ನಿಂಬೆರಸ ಬೆರೆಸಿ ಫ್ರೀಜರಿನಲ್ಲಿ ಇಡ್ತೀನಿ. ಅದು ಗೊಜ್ಜಿಗೆ ಆಗಲ್ಲ, ನೀರೊಡೆಯುತ್ತೆ. ಚಪಾತಿ ಹಿಟ್ಟಿಗೆ ಎಣ್ಣೆ ಬದಲು ಹಾಕಿ ಕಲಸಿದರೆ ಚಪಾತಿ ಸಂಜೆವರೆಗೂ ಮೆತ್ತಗಿರುತ್ತೆ. ಹಿಟ್ಟಿಗೆ ನೀರು ಮಾತ್ರ ಕಡಿಮೆ ಹಾಕಿ.